ಅರ್ಧ ಕೆಟ್ಟ ಕೇಬಲ್

ಶಿವಮೊಗ್ಗ ಜಿಲ್ಲೆಯ ಒಂದೆರಡು ತಾಲ್ಲೂಕುಗಳಲ್ಲಿ ಸಹಕಾರ ಸಂಘ, ಶಾಲೆ, ಕ್ಲಿನಿಕ್‌ಗಳಂಥ ಸಣ್ಣ ಜಾಗಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಹತ್ತು ಹದಿನೈದು ಕಂಪ್ಯೂಟರ್, ಒಂದೆರಡು ಪ್ರಿಂಟರ್, ನಾಲ್ಕಾರು ಕ್ಯಾಮೆರಾ, ಗೋಡೆಗೆ ಬಡಿದ ಒಂದು ಪುಟ್ಟ ರ‍್ಯಾಕ್, ಅದರೊಳಗೆ ಎಲ್ಲ ಕೇಬಲುಗಳನ್ನೂ ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚು. ಇದಕ್ಕಿಂತ ದೊಡ್ಡ ವ್ಯವಸ್ಥೆ ನನ್ನ ಪಾಲಿಗೆ ಬರುವುದು ಅಪರೂಪ. ಇಲ್ಲಿಂದ ಬರುವ ದೂರುಗಳಲ್ಲಿ "ನೆಟ್ ಇಲ್ಲ" ಎಂಬುದು ನನಗೆ ಇಷ್ಟವಾದ ದೂರು. ಕೇಬಲ್ ಪೂರ್ತಿ ತುಂಡಾಗಿದ್ದರೆ ಅದನ್ನು ಸಿಕ್ಕಿಸಿದ ಪೋರ್ಟಿನ ದೀಪ ಆರಿರುತ್ತದೆ, ಟೆಸ್ಟರ್ ಹಾಕಿದ ಕೂಡಲೇ ವಿಷಯ ತಿಳಿಯುತ್ತದೆ, ಹೊಸ ಕೇಬಲ್ ಎಳೆದರೆ ಮುಗಿಯಿತು. ತಲೆ ತಿನ್ನುವುದು "ನೆಟ್ ಇದೆ, ಆದರೆ..." ಎಂದು ಶುರುವಾಗುವ ದೂರು. ದೀಪ ಉರಿಯುತ್ತಿರುತ್ತದೆ, ಇನ್ನೊಂದು ಯಂತ್ರ ಉತ್ತರಿಸುತ್ತಿದೆಯೇ ಎಂದು ನೋಡುವ ಪಿಂಗ್ ಹೋಗುತ್ತಿರುತ್ತದೆ, ವೆಬ್‌ಸೈಟುಗಳೂ ತೆರೆಯುತ್ತವೆ. ಕೆಲಸ ಮಾತ್ರ ಸಾಗುವುದಿಲ್ಲ. ಇಂಥ ಸಂದರ್ಭಗಳಲ್ಲಿ ಜನ ಮೊದಲು ಇಂಟರ್‌ನೆಟ್ ಕೊಡುವವರನ್ನು ಬೈಯುತ್ತಾರೆ, ಆಮೇಲೆ ರೂಟರ್ ಬದಲಾಯಿಸುತ್ತಾರೆ, ಅದೂ ಸಾಲದಿದ್ದರೆ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸುತ್ತಾರೆ. ಗೋಡೆಯೊಳಗಿನ ಕೇಬಲಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ಏಕೆಂದರೆ ಅದು ಅರ್ಧ ಕೆಟ್ಟಿದ್ದರೂ ಅರ್ಧ ಕೆಲಸ ಮಾಡುತ್ತಲೇ ಇರುತ್ತದೆ. ಈ ಬರಹ ಅಂಥ ಅರ್ಧ ಕೆಟ್ಟ ಕೇಬಲುಗಳನ್ನು ಗುರುತಿಸುವ ಬಗ್ಗೆ.

ಕೇಬಲ್ ಅರ್ಧ ಕೆಡುವುದು ಹೇಗೆ ಸಾಧ್ಯ ಎಂದು ತಿಳಿಯಲು ಅದರೊಳಗೆ ಏನಿದೆ ಎಂದು ನೋಡಬೇಕು. ನಾವು ಲ್ಯಾನ್ ಕೇಬಲ್ ಎಂದು ಕರೆಯುವ ವಸ್ತುವಿನಲ್ಲಿ ಎಂಟು ತಂತಿಗಳಿದ್ದು, ಅವು ಎರಡೆರಡಾಗಿ ಹೆಣೆದುಕೊಂಡು ನಾಲ್ಕು ಜೋಡಿಗಳಾಗಿರುತ್ತವೆ: ಕಿತ್ತಳೆ, ಹಸಿರು, ನೀಲಿ, ಕಂದು. ಈ ಕೇಬಲಿನ ಮೇಲೆ ಉಪಕರಣಗಳು ಮಾತನಾಡುವ ಪದ್ಧತಿಗೆ ಈಥರ್‌ನೆಟ್ ಎಂದು ಹೆಸರು. 1995ರಲ್ಲಿ ಬಂದ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಈಥರ್‌ನೆಟ್ ಈ ನಾಲ್ಕರಲ್ಲಿ ಎರಡೇ ಜೋಡಿಗಳನ್ನು ಬಳಸುತ್ತದೆ. ಕನೆಕ್ಟರಿನ 1 ಮತ್ತು 2ನೆಯ ಪಿನ್ನುಗಳದ್ದು ಒಂದು ಜೋಡಿ, 3 ಮತ್ತು 6ರದ್ದು ಇನ್ನೊಂದು; ಸಾಮಾನ್ಯವಾಗಿ ಇವು ಕಿತ್ತಳೆ ಮತ್ತು ಹಸಿರು. 1999ರಲ್ಲಿ ಮಾನದಂಡವಾದ ತಾಮ್ರದ ತಂತಿಯ ಮೇಲಿನ ಗಿಗಾಬಿಟ್ (1000 ಎಂಬಿಪಿಎಸ್) ಈಥರ್‌ನೆಟ್‌ಗೆ ನಾಲ್ಕೂ ಜೋಡಿಗಳು ಬೇಕು, ಮತ್ತು ಪ್ರತಿಯೊಂದು ಜೋಡಿಯಲ್ಲೂ ಎರಡೂ ದಿಕ್ಕಿನ ಸಂಕೇತ ಏಕಕಾಲದಲ್ಲಿ ಓಡುತ್ತದೆ. ಹಾಗಾಗಿ ನೀಲಿ ಅಥವಾ ಕಂದು ಜೋಡಿಯ ಒಂದೇ ಒಂದು ತಂತಿ ಕೈಕೊಟ್ಟರೂ ಗಿಗಾಬಿಟ್ ನಿಲ್ಲುತ್ತದೆ, 100 ಎಂಬಿಪಿಎಸ್ ಮಾತ್ರ ಏನೂ ಆಗದಂತೆ ಮುಂದುವರಿಯುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಎರಡು ತುದಿಯ ಉಪಕರಣಗಳು ಯಾವ ವೇಗದಲ್ಲಿ ಮಾತನಾಡಬೇಕೆಂದು ಮೊದಲು ತಮ್ಮಲ್ಲೇ ಒಪ್ಪಂದ ಮಾಡಿಕೊಳ್ಳುತ್ತವೆ, ಮತ್ತು ಈ ಒಪ್ಪಂದ ನಡೆಯುವುದು ಆ ಮೊದಲ ಎರಡು ಜೋಡಿಗಳ ಮೇಲೆಯೇ. ಆದ್ದರಿಂದ ಕಂದು ಜೋಡಿ ತುಂಡಾಗಿದ್ದರೂ ಎರಡೂ ಕಡೆಯವರು "ಗಿಗಾಬಿಟ್ ಆಗಬಹುದು" ಎಂದು ಒಪ್ಪಿಕೊಂಡುಬಿಡುತ್ತಾರೆ; ಆಮೇಲೆ ನಾಲ್ಕೂ ಜೋಡಿಗಳ ಮೇಲೆ ನಿಜವಾದ ಸಂಪರ್ಕ ಕಟ್ಟಲು ಹೋದಾಗ ಸೋಲುತ್ತಾರೆ. ಈಗಿನ ಹೆಚ್ಚಿನ ನೆಟ್‌ವರ್ಕ್ ಚಿಪ್ಪುಗಳು ಕೆಲವು ಸಲ ಪ್ರಯತ್ನಿಸಿ, ಆಗದಿದ್ದರೆ ತಾವಾಗಿಯೇ 100ಕ್ಕೆ ಇಳಿಯುತ್ತವೆ. ಆ ವಿವೇಕವಿಲ್ಲದ ಚಿಪ್ಪುಗಳು ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇರುತ್ತವೆ, ಲಿಂಕ್ ಬರುತ್ತದೆ ಹೋಗುತ್ತದೆ. ಒಂದೇ ಕೇಬಲಿಗೆ ಹಳೆಯ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಸರಿಯಾಗಿ ನಡೆದು, ಹೊಸ ಕಂಪ್ಯೂಟರ್ ಸಿಕ್ಕಿಸಿದರೆ ತಕರಾರು ತೆಗೆಯುವ ವಿಚಿತ್ರಕ್ಕೆ ಅನೇಕ ಸಲ ಇದೇ ಕಾರಣ. ಹಳೆಯದು 100ಕ್ಕಿಂತ ಹೆಚ್ಚು ಕೇಳಿಯೇ ಇರುವುದಿಲ್ಲ, ತಪ್ಪೆಲ್ಲ ಹೊಸ ಕಂಪ್ಯೂಟರಿನ ತಲೆಗೆ ಬರುತ್ತದೆ.

ಒಂದು ಸಹಕಾರ ಸಂಘದ ಶಾಖೆಯಲ್ಲಿ ನಡೆದದ್ದು ಇಂಥದ್ದೇ. ಅವರು 200 ಎಂಬಿಪಿಎಸ್ ಪ್ಲಾನಿಗೆ ಬದಲಾಗಿದ್ದರು. ವ್ಯವಸ್ಥಾಪಕರ ಮೇಜಿನ ಕಂಪ್ಯೂಟರಿನಲ್ಲಿ ಮಾತ್ರ ವೇಗ 94ರ ಮೇಲೆ ಏರುತ್ತಿರಲಿಲ್ಲ. ಸೇವೆ ಕೊಡುವವರ ಕಡೆಯ ಹುಡುಗ ಬಂದು ನೋಡಿ, ತಮ್ಮ ಪೆಟ್ಟಿಗೆಯಲ್ಲಿ ಎಲ್ಲ ಸರಿಯಿದೆ ಎಂದು ಹೇಳಿ ಹೋಗಿದ್ದ. ಅವನು ಹೇಳಿದ್ದು ನಿಜವೇ ಆಗಿತ್ತು. ವ್ಯವಸ್ಥಾಪಕರು ಫೋನಿನಲ್ಲಿ 94 ಎಂಬ ಸಂಖ್ಯೆ ಹೇಳಿದಾಗಲೇ ನನಗೆ ಅರ್ಧ ಉತ್ತರ ಸಿಕ್ಕಿತ್ತು. ಈಥರ್‌ನೆಟ್ಟಿನಲ್ಲಿ ದತ್ತಾಂಶದ ಒಂದು ಪೂರ್ಣ ಕಟ್ಟು (ಫ್ರೇಮ್), ಅದರ ಮುಂಚಿನ ಗುರುತು ಮತ್ತು ನಂತರದ ಬಿಡುವು ಸೇರಿ, ತಂತಿಯ ಮೇಲೆ 1538 ಬೈಟುಗಳಷ್ಟು ಜಾಗ ಹಿಡಿಯುತ್ತದೆ. ಅದರಲ್ಲಿ ಬಳಕೆದಾರನಿಗೆ ತಲುಪುವ ದತ್ತಾಂಶ ಹೆಚ್ಚೆಂದರೆ 1460 ಬೈಟ್. ಈ ಲೆಕ್ಕದಲ್ಲಿ 100 ಎಂಬಿಪಿಎಸ್ ಲಿಂಕಿನಿಂದ ಹೊರಬರುವುದು ಹೆಚ್ಚೆಂದರೆ 94 ಚಿಲ್ಲರೆ. ಇಂಟರ್‌ನೆಟ್ ನಿಧಾನವಾಗಿದ್ದರೆ ಅಂಕಿ ಏರಿಳಿಯುತ್ತಿರುತ್ತದೆ, ಒಮ್ಮೆ 60, ಒಮ್ಮೆ 130. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಯಾವಾಗ ನೋಡಿದರೂ 94ರ ಆಸುಪಾಸಿನಲ್ಲೇ ನಿಂತಿದೆ ಎಂದರೆ, ರೂಟರಿನಿಂದ ಆ ಮೇಜಿನವರೆಗಿನ ದಾರಿಯಲ್ಲಿ ಎಲ್ಲೋ ಒಂದು ಲಿಂಕ್ 100ಕ್ಕೆ ಇಳಿದಿದೆ ಎಂದೇ ಅರ್ಥ.

ಅಲ್ಲಿಗೆ ಹೋಗಿ ಲ್ಯಾಪ್‌ಟಾಪನ್ನು ನೇರವಾಗಿ ರೂಟರಿಗೆ ಸಿಕ್ಕಿಸಿದಾಗ 190 ದಾಟಿತು. ಸ್ವಿಚ್ಚಿನ ಇನ್ನೊಂದು ಪೋರ್ಟಿನಿಂದಲೂ ಅಷ್ಟೇ ಬಂತು. ವ್ಯವಸ್ಥಾಪಕರ ಮೇಜಿನ ಬಳಿ ಮಾತ್ರ 94. ವಿಂಡೋಸಿನಲ್ಲಿ ಈಥರ್‌ನೆಟ್ ಸಂಪರ್ಕದ ಸ್ಥಿತಿ ತೋರಿಸುವ ಕಿಟಕಿ ತೆರೆದರೆ ಲಿಂಕಿನ ವೇಗವನ್ನು ಅಲ್ಲೇ ಬರೆದಿರುತ್ತದೆ. ಅದರಲ್ಲಿ 100 ಎಂದಿತ್ತು. ಗೋಡೆಯಿಂದ ಕಂಪ್ಯೂಟರಿಗೆ ಬರುವ ಗಿಡ್ಡ ಕೇಬಲನ್ನು, ಅಂದರೆ ಮೇಜಿನ ಪ್ಯಾಚ್ ಕಾರ್ಡನ್ನು ಬದಲಾಯಿಸಿದೆ, ಆಗಲೂ ಅದೇ. ಗೋಡೆಯ ಐಒ ಬಾಕ್ಸ್ (ಕೇಬಲ್ ಸಿಕ್ಕಿಸುವ ಜ್ಯಾಕ್ ಇರುವ ಪೆಟ್ಟಿಗೆ) ಬಿಚ್ಚಿ ಜ್ಯಾಕಿನ ಹಿಂಬದಿ ನೋಡಿದರೆ ಎಂಟೂ ತಂತಿಗಳು ಅಚ್ಚುಕಟ್ಟಾಗಿ ಕೂತಿದ್ದವು. ಉಳಿದದ್ದು ರ‍್ಯಾಕಿನ ಕಡೆಯ ತುದಿ. ಅಲ್ಲಿ ಪ್ಯಾಚ್ ಪ್ಯಾನೆಲ್, ಅಂದರೆ ಗೋಡೆಯ ಕೇಬಲುಗಳು ಬಂದು ಸೇರುವ ಜ್ಯಾಕುಗಳ ಫಲಕ, ಇರಲಿಲ್ಲ. ಗೋಡೆಯಿಂದ ಬಂದ ಕೇಬಲಿಗೇ ಕನೆಕ್ಟರ್ ಕ್ರಿಂಪ್ ಮಾಡಿ (ಇಕ್ಕಳದಂಥ ಉಪಕರಣದಿಂದ ಒತ್ತಿ ಕೂರಿಸಿ) ಸ್ವಿಚ್ಚಿಗೆ ಸಿಕ್ಕಿಸಿದ್ದರು. ಆ ಕನೆಕ್ಟರನ್ನು ಹೊರತೆಗೆದು, ಮುಖದ ಕಡೆಯಿಂದ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ, ಪಾರದರ್ಶಕ ಪ್ಲಾಸ್ಟಿಕ್ಕಿನ ಕೊನೆಯಲ್ಲಿ ತಾಮ್ರದ ಏಳು ಚುಕ್ಕಿಗಳು ಹೊಳೆದವು. ಎಂಟನೆಯದು, ಕಂದು ತಂತಿ, ಕನೆಕ್ಟರಿನ ಮುಂತುದಿ ಮುಟ್ಟುವ ಮುನ್ನವೇ ನಿಂತಿತ್ತು. ಅದರ ಪಿನ್ನು ತಂತಿಯ ತುದಿಯನ್ನು ಸವರಿತ್ತೇ ಹೊರತು ಕಚ್ಚಿರಲಿಲ್ಲ. ಟೆಸ್ಟರ್ ಹಾಕಿದಾಗ ಎಂಟನೆಯ ತಂತಿಯ ದೀಪ ಮಿಣುಕುತ್ತಿತ್ತು, ಕೇಬಲನ್ನು ಸ್ವಲ್ಪ ಅಲುಗಿಸಿದರೆ ಆರುತ್ತಿತ್ತು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ ಮೇಲೆ ಲಿಂಕ್ ಗಿಗಾಬಿಟ್ಟಿಗೆ ಏರಿತು.

ಕ್ರಿಂಪ್ ಮಾಡುವ ಮುನ್ನ ಹೀಗೆ ಕನೆಕ್ಟರಿನ ಮುಖ ನೋಡುವುದಕ್ಕೆ ನಿಮಿಷವೂ ಹಿಡಿಯುವುದಿಲ್ಲ. ಹೊರಕವಚ ಕನೆಕ್ಟರಿನೊಳಗೆ ಸಾಕಷ್ಟು ಹೋಗಿದೆಯೇ ಎಂಬುದನ್ನೂ ಆಗಲೇ ನೋಡಬೇಕು. ಕ್ರಿಂಪರ್ ಒತ್ತಿದಾಗ ಹಿಂಬದಿಯ ಪ್ಲಾಸ್ಟಿಕ್ ತುಂಡು ಕವಚವನ್ನು ಹಿಡಿಯಬೇಕೇ ಹೊರತು ಬರಿಯ ತಂತಿಗಳನ್ನಲ್ಲ. ತಂತಿಗಳನ್ನೇ ಹಿಡಿದ ಕನೆಕ್ಟರ್ ಆರು ತಿಂಗಳು ಚೆನ್ನಾಗಿರುತ್ತದೆ, ಕಸ ಗುಡಿಸುವವರ ಪೊರಕೆ ನಾಲ್ಕು ಸಲ ತಾಗಿದ ಮೇಲೆ ಒಂದೊಂದೇ ತಂತಿ ಸಡಿಲಗೊಳ್ಳುತ್ತದೆ. ಜೋಡಿಯ ಹೆಣಿಗೆಯನ್ನು ತುದಿಯಲ್ಲಿ 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಇನ್ನೊಂದು ವಿಷಯವನ್ನು ಅಂಗಡಿಯವರೂ ಹೇಳುವುದಿಲ್ಲ: ಗೋಡೆಯೊಳಗೆ ಎಳೆಯುವ ಕೇಬಲಿನ ತಂತಿ ಒಂದೇ ಗಟ್ಟಿ ತಾಮ್ರದ ಎಳೆ, ಮೇಜಿನ ಪ್ಯಾಚ್ ಕಾರ್ಡಿನದ್ದು ಅನೇಕ ನವಿರಾದ ಎಳೆಗಳ ಗುಂಪು. ಎರಡಕ್ಕೂ ಕನೆಕ್ಟರಿನ ಪಿನ್ನಿನ ಆಕಾರ ಬೇರೆ ಬೇರೆ. ಒಂದರ ಪಿನ್ನು ತಂತಿಯನ್ನು ಎರಡೂ ಬದಿಯಿಂದ ಕವೆಯಂತೆ ಹಿಡಿಯುತ್ತದೆ, ಇನ್ನೊಂದರದ್ದು ಎಳೆಗಳ ನಡುವೆ ಚುಚ್ಚಿಕೊಳ್ಳುತ್ತದೆ. ಎಳೆಗಳಿಗೆ ಮಾಡಿದ ಪಿನ್ನು ಗಟ್ಟಿ ತಂತಿಗೆ ಸಿಕ್ಕರೆ ಪಕ್ಕಕ್ಕೆ ಜಾರಿ ಅರ್ಧಂಬರ್ಧ ತಾಗಿಕೊಂಡಿರುತ್ತದೆ. ಎರಡಕ್ಕೂ ಹೊಂದುವ ಮೂರು ಹಲ್ಲಿನ ಪಿನ್ನುಗಳ ಕನೆಕ್ಟರೂ ಸಿಗುತ್ತದೆ, ಕೇಳಿ ತರಬೇಕು. ನನ್ನನ್ನು ಕೇಳಿದರೆ ಗೋಡೆಯ ಕೇಬಲಿಗೆ ಕನೆಕ್ಟರ್ ಹಾಕಲೇಬಾರದು. ಎರಡೂ ತುದಿಯನ್ನು ಜ್ಯಾಕಿಗೆ ಪಂಚ್ ಮಾಡಿ (ತಂತಿಗಳನ್ನು ಅದರ ಸೀಳುಗಳಿಗೆ ಒತ್ತಿ ಕೂರಿಸಿ), ಅಲ್ಲಿಂದ ಮುಂದೆ ಕಾರ್ಖಾನೆಯಲ್ಲಿ ಮಾಡಿದ ಪ್ಯಾಚ್ ಕಾರ್ಡ್ ಬಳಸಬೇಕು. ಇದಕ್ಕೆ ತುಸು ಖರ್ಚು ಹೆಚ್ಚು, ಆದರೆ ಅಲುಗಾಡುವ ಭಾಗ ಯಾವಾಗಲೂ ಬದಲಾಯಿಸಬಹುದಾದ ಭಾಗವಾಗಿರುತ್ತದೆ.

ಟೆಸ್ಟರಿನ ಎಂಟು ದೀಪಗಳನ್ನೂ ಪೂರ್ತಿ ನಂಬುವಂತಿಲ್ಲ. ಒಂದು ಶಾಲೆಯ ಲ್ಯಾಬಿನಲ್ಲಿ ವಿದ್ಯುತ್ ಕೆಲಸ ಮಾಡಿದ ಎಲೆಕ್ಟ್ರಿಷಿಯನ್ನರೇ ಲ್ಯಾನ್ ಕೇಬಲನ್ನೂ ಎಳೆದಿದ್ದರು. ಕೇಬಲೂ ಒಳ್ಳೆಯದು, ಕೆಲಸವೂ ನೋಡಲು ಅಂದವಾಗಿತ್ತು. ಆದರೂ ಫೈಲುಗಳು ಕಾಪಿಯಾಗುವಾಗ ನಡುವೆ ನಿಲ್ಲುತ್ತಿದ್ದವು. ನಾನು ಅನುಮಾನಪಟ್ಟಾಗ ಅವರು ಟೆಸ್ಟರ್ ಹಾಕಿ ತೋರಿಸಿ, "ಒಂದರಿಂದ ಎಂಟರವರೆಗೆ ಸಾಲಾಗಿ ಬರ್ತಿದೆಯಲ್ಲ ಸಾರ್, ಇನ್ನೇನು ಬೇಕು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅವರು ಎರಡೂ ತುದಿಯಲ್ಲಿ ಒಂದೇ ಕ್ರಮ ಅನುಸರಿಸಿದ್ದರು: ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ, ಎಲ್ಲವೂ ಪಕ್ಕಪಕ್ಕದಲ್ಲಿ. ವಿದ್ಯುತ್ ಕೆಲಸದ ಲೆಕ್ಕದಲ್ಲಿ ಇದರಲ್ಲಿ ಏನೂ ತಪ್ಪಿಲ್ಲ, ಇಲ್ಲಿ ಹಾಕಿದ ತಂತಿ ಅಲ್ಲಿ ಅದೇ ಜಾಗಕ್ಕೆ ತಲುಪುತ್ತಿದೆ. ಆದರೆ ಈಥರ್‌ನೆಟ್ಟಿಗೆ 3 ಮತ್ತು 6ನೆಯ ಪಿನ್ನುಗಳು ಒಂದೇ ಹೆಣಿಗೆಯ ಜೋಡಿಯಾಗಿರಬೇಕು. ಅವರ ಕ್ರಮದಲ್ಲಿ 3ಕ್ಕೆ ಹಸಿರಿನ ಒಂದು ತಂತಿ, 6ಕ್ಕೆ ನೀಲಿಯ ಒಂದು ತಂತಿ ಬಂದಿತ್ತು. ಒಂದೇ ಸಂಕೇತದ ಎರಡು ಅರ್ಧಗಳು ಎರಡು ಬೇರೆ ಹೆಣಿಗೆಗಳಲ್ಲಿ ಓಡುತ್ತಿದ್ದವು.

ತಂತಿಗಳನ್ನು ಹೆಣೆಯುವುದರ ಉದ್ದೇಶವೇ ಇಲ್ಲಿ ಹಾಳಾಗುತ್ತದೆ. ಟೆಲಿಫೋನ್ ತಂತಿಗಳ ನಡುವೆ ಒಂದರ ಮಾತು ಇನ್ನೊಂದಕ್ಕೆ ಸೋರುವುದನ್ನು ತಡೆಯಲು ಜೋಡಿಯನ್ನು ಹೆಣೆಯುವ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದ. ಜೋಡಿಯ ಎರಡು ತಂತಿಗಳಲ್ಲಿ ಸಂಕೇತ ಪರಸ್ಪರ ವಿರುದ್ಧವಾಗಿ ಓಡುತ್ತದೆ. ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬೀಳುವುದರಿಂದ, ತುದಿಯಲ್ಲಿ ಎರಡರ ವ್ಯತ್ಯಾಸ ತೆಗೆದಾಗ ಗದ್ದಲ ಕಳೆದುಹೋಗುತ್ತದೆ. ನಾಲ್ಕು ಜೋಡಿಗಳ ಹೆಣಿಗೆಯ ಬಿಗಿ ಬೇರೆ ಬೇರೆಯಾಗಿರುವುದೂ ಅಕಸ್ಮಾತ್ತಲ್ಲ, ಒಂದು ಜೋಡಿಯ ಸುರುಳಿ ಪಕ್ಕದ ಜೋಡಿಯ ಸುರುಳಿಯೊಂದಿಗೆ ಹೆಜ್ಜೆ ಹಾಕದಿರಲಿ ಎಂದೇ ಹಾಗೆ ಮಾಡಿರುತ್ತಾರೆ. ಜೋಡಿ ಒಡೆದರೆ ಇದೆಲ್ಲ ವ್ಯರ್ಥ. ದೀಪದ ಟೆಸ್ಟರ್ ನೋಡುವುದು ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯೇ ಎಂಬುದನ್ನಷ್ಟೇ. ಯಾವುದು ಯಾವುದರೊಂದಿಗೆ ಹೆಣೆದಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ಅಳೆಯುವ ಉಪಕರಣಗಳಿಗೆ ಬೆಲೆ ಬಹಳ, ಆದ್ದರಿಂದ ನಮ್ಮಂಥವರಿಗೆ ಕಣ್ಣೇ ಗತಿ. ಟಿ568ಬಿ ಎಂಬ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರನ್ನು ಬಿಡಿಸಿ ನಡುವೆ ನೀಲಿ ತುರುಕಿದ್ದೇಕೆ ಎಂದು ಕೇಳುವವರಿಗೆ ಉತ್ತರ ಹಳೆಯ ಟೆಲಿಫೋನಿನಲ್ಲಿದೆ. ಫೋನಿನ ಲೈನು ಜ್ಯಾಕಿನ ನಟ್ಟನಡುವಿನ ಎರಡು ಪಿನ್ನುಗಳನ್ನು ಬಳಸುತ್ತಿದ್ದುದರಿಂದ 4 ಮತ್ತು 5 ಅದಕ್ಕೆ ಮೀಸಲಾದವು. ಕಿತ್ತಳೆ ಮತ್ತು ಹಸಿರು ಜೋಡಿಗಳನ್ನು ಅದಲುಬದಲು ಮಾಡಿದರೆ ಅದು ಟಿ568ಎ. ಗುಣದಲ್ಲಿ ಎರಡೂ ಒಂದೇ. ಕಚೇರಿಯೆಲ್ಲ ಒಂದನ್ನೇ ಅನುಸರಿಸಬೇಕು ಅಷ್ಟೆ. ಎಲೆಕ್ಟ್ರಿಷಿಯನ್ನರಿಗೆ ಕೇಬಲಿನ ತುದಿ ಬಿಡಿಸಿ ಹೆಣಿಗೆಯನ್ನು ತೋರಿಸಿದ ಮೇಲೆ ಅವರೇ ಕೂತು ಲ್ಯಾಬಿನ ಎಲ್ಲ ಕನೆಕ್ಟರುಗಳನ್ನೂ ಮತ್ತೆ ಹಾಕಿಕೊಟ್ಟರು.

ಮೂರನೆಯ ಬಗೆಯ ಅರ್ಧ ಕೆಡುವಿಕೆ ಕೇಬಲ್ ಪೆಟ್ಟಿಗೆಯೊಳಗೆ ಇರುವಾಗಲೇ ಬಂದಿರುತ್ತದೆ. ಮಾರುಕಟ್ಟೆಯಲ್ಲಿ 305 ಮೀಟರಿನ, ಅಂದರೆ 1000 ಅಡಿಯ ಪೆಟ್ಟಿಗೆಗೆ ಒಂದು ಅಂಗಡಿಯಲ್ಲಿ ಒಂದು ಬೆಲೆ, ಪಕ್ಕದ ಅಂಗಡಿಯಲ್ಲಿ ಅದರ ಅರ್ಧ ಎಂದರೆ, ಅಗ್ಗದ್ದು ಬಹುತೇಕ ಸಿಸಿಎ ಆಗಿರುತ್ತದೆ. ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳುವಾದ ಹೊದಿಕೆ. ಹೊರಗೆ ಕ್ಯಾಟ್ 6 ಎಂಬ ಕೇಬಲ್ ದರ್ಜೆಯನ್ನೇ ಮುದ್ರಿಸಿರುತ್ತಾರೆ. ಕ್ಯಾಟ್ 6 ಮಾನದಂಡ ಕೇಳುವುದು ತಾಮ್ರವನ್ನು, ಇದನ್ನಲ್ಲ. ಗುರುತಿಸುವುದು ಸುಲಭ: ತಂತಿಯ ಮೇಲ್ಮೈಯನ್ನು ಬ್ಲೇಡಿನಿಂದ ಕೆರೆದರೆ ಕೆಂಪಿನ ಕೆಳಗೆ ಬೆಳ್ಳಿಯ ಬಣ್ಣ ಕಾಣುತ್ತದೆ, ಪೆಟ್ಟಿಗೆ ಎತ್ತಿದರೆ ಹಗುರ, ತಂತಿಯನ್ನು ಹಿಂದೆ ಮುಂದೆ ನಾಲ್ಕಾರು ಸಲ ಬಗ್ಗಿಸಿದರೆ ಪಟ್ಟೆಂದು ಮುರಿಯುತ್ತದೆ. ಜ್ಯಾಕಿಗೆ ಪಂಚ್ ಮಾಡುವಾಗಲೂ ಹಾಗೆಯೇ ಮುರಿಯುತ್ತದೆ, ಕೆಲವೊಮ್ಮೆ ಮುರಿದದ್ದು ಕಾಣದಂತೆ.

ಇದರ ಪರಿಣಾಮ ಎದ್ದು ಕಾಣುವುದು ಕ್ಯಾಮೆರಾಗಳಲ್ಲಿ. ಒಂದು ಶಾಲೆಯ ಗೇಟಿನ ಕ್ಯಾಮೆರಾ ದಿನವಿಡೀ ಚೆನ್ನಾಗಿದ್ದು, ಕತ್ತಲಾಗುತ್ತಿದ್ದಂತೆ ಆರಿ ಹೊತ್ತಿ ಆರಿ ಹೊತ್ತಿ ಮಾಡುತ್ತಿತ್ತು. ಬೆಳಗಾದರೆ ಮತ್ತೆ ಸರಿ. ಕ್ಯಾಮೆರಾವನ್ನು ಬದಲಾಯಿಸಿಯೂ ನೋಡಿದ್ದರು. ಅಲ್ಲಿದ್ದದ್ದು ಸುಮಾರು 60 ಮೀಟರ್ ಸಿಸಿಎ ಕೇಬಲ್. ಕಿತ್ತಳೆ ಮತ್ತು ಹಸಿರು ಜೋಡಿಯಲ್ಲಿ ದತ್ತಾಂಶ, ಬಿಡುವಿದ್ದ ನೀಲಿ ಜೋಡಿಯಲ್ಲಿ 12 ವೋಲ್ಟಿನ ಧನ, ಕಂದು ಜೋಡಿಯಲ್ಲಿ ಋಣ. ಸಣ್ಣ ಕೆಲಸಗಳಲ್ಲಿ ಈ ಪದ್ಧತಿ ಬಹಳ ಸಾಮಾನ್ಯ. ಕತ್ತಲಾದಾಗ ಕ್ಯಾಮೆರಾ ತನ್ನ ಐಆರ್ (ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ) ದೀಪಗಳನ್ನು ಹೊತ್ತಿಸುತ್ತದೆ, ಆಗ ಅದಕ್ಕೆ ಬೇಕಾಗುವ ಕರೆಂಟು ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಲೆಕ್ಕ ಹಾಕಿ ನೋಡಬಹುದು. 24 ಗೇಜ್ ದಪ್ಪದ ಶುದ್ಧ ತಾಮ್ರದ ತಂತಿಯ ರೋಧ 100 ಮೀಟರಿಗೆ ಸುಮಾರು 8.4 ಓಮ್, ಸಿಸಿಎ ಆದರೆ ಅದರ ಒಂದೂವರೆ ಪಟ್ಟು, ಸುಮಾರು 13 ಓಮ್. ಜೋಡಿಯ ಎರಡು ತಂತಿಗಳು ಸೇರಿ ಹೊರುವುದರಿಂದ ಅದರ ಅರ್ಧ. 60 ಮೀಟರಿಗೆ ಹೋಗಿ ಬರುವ ದಾರಿಯೆಲ್ಲ ಸೇರಿ ಹತ್ತಿರ ಹತ್ತಿರ 8 ಓಮ್. ಹಗಲಿನ 0.25 ಆಂಪಿಯರಿಗೆ ದಾರಿಯಲ್ಲಿ 2 ವೋಲ್ಟ್ ಕಳೆದುಹೋಗುತ್ತದೆ, 10 ವೋಲ್ಟಿನಲ್ಲಿ ಕ್ಯಾಮೆರಾ ಹೇಗೋ ನಡೆಯುತ್ತದೆ. ರಾತ್ರಿಯ 0.6 ಆಂಪಿಯರಿಗೆ 5 ವೋಲ್ಟಿನ ಸಮೀಪ ಕಳೆದು, ತಲುಪುವುದು 7 ಚಿಲ್ಲರೆ. ಅಷ್ಟರಲ್ಲಿ ಕ್ಯಾಮೆರಾ ಬಿದ್ದುಹೋಗುತ್ತದೆ. ಬಿದ್ದ ಕೂಡಲೇ ಹೊರೆ ಇಳಿದು ವೋಲ್ಟೇಜ್ ಏರುತ್ತದೆ, ಕ್ಯಾಮೆರಾ ಎದ್ದು ಮತ್ತೆ ದೀಪ ಹೊತ್ತಿಸುತ್ತದೆ. ಸಂಜೆ ಹೊತ್ತಿಗೆ ಹೋಗಿ ಗೇಟಿನ ಬಳಿ ಮಲ್ಟಿಮೀಟರ್ ಹಿಡಿದು ನಿಂತಾಗ ಮುಳ್ಳು ಹೀಗೆಯೇ ಕುಣಿಯುತ್ತಿತ್ತು.

ಪಿಒಇ, ಅಂದರೆ ಲ್ಯಾನ್ ಕೇಬಲಿನಲ್ಲೇ ಉಪಕರಣಕ್ಕೆ ವಿದ್ಯುತ್ತನ್ನೂ ಕೊಡುವ ಮಾನದಂಡ, 48 ವೋಲ್ಟಿನ ಆಸುಪಾಸಿನಲ್ಲಿ ವಿದ್ಯುತ್ ಕಳುಹಿಸುವುದು ಈ ಕಾರಣಕ್ಕೇ. ಅದೇ 7 ವ್ಯಾಟನ್ನು 48 ವೋಲ್ಟಿನಲ್ಲಿ ಕಳುಹಿಸಿದರೆ 0.15 ಆಂಪಿಯರ್ ಸಾಕು, ದಾರಿಯಲ್ಲಿ ಕಳೆಯುವುದು ಒಂದು ವೋಲ್ಟಿನ ಸುಮಾರಿಗೆ. 2003ರ ಮೊದಲ ಪಿಒಇ ಮಾನದಂಡದಲ್ಲಿ ಸ್ವಿಚ್ಚು ಒಂದು ಪೋರ್ಟಿಗೆ 15.4 ವ್ಯಾಟ್ ಕೊಟ್ಟರೆ, 100 ಮೀಟರ್ ಆಚೆಯ ಉಪಕರಣಕ್ಕೆ 12.95 ವ್ಯಾಟ್ ಸಿಗುತ್ತದೆ ಎಂಬ ಖಾತರಿಯಿದೆ, ನಡುವಿನ 2.45 ವ್ಯಾಟ್ ಕೇಬಲನ್ನು ಬಿಸಿ ಮಾಡುವುದಕ್ಕೆ ಬಿಟ್ಟದ್ದು. ಈ ಲೆಕ್ಕದಲ್ಲೂ ಕೇಬಲ್ ತಾಮ್ರದ್ದೆಂದೇ ಭಾವಿಸಲಾಗಿದೆ. ಶಾಲೆಯವರಿಗೆ ಪಿಒಇ ಸ್ವಿಚ್ಚು ಮತ್ತು ತಾಮ್ರದ ಕೇಬಲ್ ಎರಡನ್ನೂ ಹಾಕಿಸಲು ಹೇಳಿದೆ. ಕೇಬಲಿನಲ್ಲಿ ಉಳಿಸಿದ ಹಣಕ್ಕಿಂತ ಹೆಚ್ಚನ್ನು ಅವರು ಆಗಲೇ ಕ್ಯಾಮೆರಾ ಬದಲಾಯಿಸುವುದಕ್ಕೆ ಖರ್ಚು ಮಾಡಿದ್ದರು.

ಉದ್ದದ ಮಿತಿ ಎಲ್ಲರಿಗೂ ಗೊತ್ತಿರುವ 100 ಮೀಟರ್. ಅದರಲ್ಲಿ ಗೋಡೆಯೊಳಗಿನ ಭಾಗಕ್ಕೆ 90, ಎರಡು ತುದಿಯ ಪ್ಯಾಚ್ ಕಾರ್ಡುಗಳಿಗೆ 10. ಬಾಗುವಿಕೆ ಕೇಬಲಿನ ದಪ್ಪದ ನಾಲ್ಕು ಪಟ್ಟು ತ್ರಿಜ್ಯಕ್ಕಿಂತ ಬಿಗಿಯಾಗಬಾರದು. ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಎಳೆಯುವುದು ಸಂಕೇತಕ್ಕೂ ಕೆಟ್ಟದ್ದು, ಪ್ರಾಣಕ್ಕೂ ಅಪಾಯ. ಮಲೆನಾಡಿನಲ್ಲಿ ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಮಳೆ ಮತ್ತು ಸಿಡಿಲು. ಹೊರಗಿನ ಕ್ಯಾಮೆರಾದ ಕನೆಕ್ಟರಿಗೆ ನೀರು ಇಳಿದರೆ, ಪಿನ್ನುಗಳ ನಡುವೆ ಸದಾ ಡಿಸಿ ವೋಲ್ಟೇಜ್ ಇರುವುದರಿಂದ ಒಂದೇ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿದು ಪಿನ್ನು ಸವೆದುಹೋಗುತ್ತದೆ. ಕೇಬಲ್ ಪೆಟ್ಟಿಗೆಗೆ ಮೇಲಿನಿಂದ ಇಳಿಯದೆ, ಮೊದಲು ಕೆಳಗೆ ಜೋಲಿ ಆಮೇಲೆ ಮೇಲಕ್ಕೆ ಹತ್ತಿ ಒಳಗೆ ಹೋಗುವಂತಿದ್ದರೆ ನೀರು ಜೋಲುವ ಜಾಗದಲ್ಲೇ ತೊಟ್ಟಿಕ್ಕುತ್ತದೆ. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲನ್ನು ಗಾಳಿಯಲ್ಲಿ ತೂಗಿಬಿಡುವುದನ್ನು ನಾನು ಒಪ್ಪುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೂ ಸಾಕು, ಆ ಕೇಬಲಿನಲ್ಲಿ ಪ್ರೇರಿತವಾದ ವೋಲ್ಟೇಜ್ ಎರಡೂ ಕಡೆಯ ಪೋರ್ಟುಗಳನ್ನು ಸುಡುತ್ತದೆ. ಸ್ವಿಚ್ಚಿನ ಒಂದೇ ಪೋರ್ಟ್ ಸತ್ತು ಉಳಿದವು ಬದುಕಿರುವುದು ಇಂಥ ಹೊಡೆತದ ಸಾಮಾನ್ಯ ಗುರುತು. ಬದುಕಿದಂತೆ ಕಾಣುವ ಪಕ್ಕದ ಪೋರ್ಟುಗಳೂ ಮುಂದೆ ಒಂದೊಂದಾಗಿ ಕೈಕೊಡುವುದುಂಟು. ಕಟ್ಟಡಗಳ ನಡುವೆ ಬೆಳಕಿನಲ್ಲಿ ಸಂಕೇತ ಒಯ್ಯುವ ಗಾಜಿನ ಫೈಬರ್ ಎಳೆದು, ಆ ಬೆಳಕನ್ನು ತಂತಿಯ ಸಂಕೇತಕ್ಕೆ ಬದಲಿಸುವ ಮೀಡಿಯಾ ಕನ್ವರ್ಟರನ್ನು ಎರಡೂ ತುದಿಗೆ ಹಾಕುವುದು ಈಗ ದುಬಾರಿಯಲ್ಲ, ಗಾಜಿಗೆ ಸಿಡಿಲಿನ ಭಯವೂ ಇಲ್ಲ. ಫೈಬರ್ ಕೇಬಲಿನ ಜೊತೆ ಆಧಾರಕ್ಕಾಗಿ ಉಕ್ಕಿನ ತಂತಿ ಇದ್ದರೆ ಅದನ್ನು ಕಟ್ಟಡದ ಹೊರಗೇ ಬಿಗಿದು ನಿಲ್ಲಿಸಬೇಕು, ರ‍್ಯಾಕಿನ ತನಕ ತರಬಾರದು.

ಕೇಬಲಿನದ್ದೆಂದು ತೋರಿ ಕೇಬಲಿನದ್ದಲ್ಲದ ತೊಂದರೆಗಳೂ ಇವೆ. ಇಡೀ ಕಚೇರಿ ಒಮ್ಮೆಲೇ ನಿಂತು, ಸ್ವಿಚ್ಚಿನ ಎಲ್ಲ ದೀಪಗಳೂ ಒಂದೇ ಸಮನೆ ಹುಚ್ಚೆದ್ದು ಮಿಣುಕುತ್ತಿದ್ದರೆ, ಯಾರೋ ಮೇಜಿನ ಕೆಳಗೆ ಬಿದ್ದಿದ್ದ ಪ್ಯಾಚ್ ಕಾರ್ಡಿನ ಇನ್ನೊಂದು ತುದಿಯನ್ನೂ ಅದೇ ಸ್ವಿಚ್ಚಿಗೆ ಸಿಕ್ಕಿಸಿದ್ದಾರೆಂದು ತಿಳಿಯಬಹುದು. ಈಥರ್‌ನೆಟ್ ಫ್ರೇಮಿಗೆ ಆಯುಷ್ಯದ ಎಣಿಕೆ ಇಲ್ಲದ ಕಾರಣ ಅದು ಸುತ್ತುತ್ತಲೇ ಇರುತ್ತದೆ, ಪ್ರತಿ ಸುತ್ತಿನಲ್ಲೂ ನಕಲಾಗುತ್ತದೆ. ಇದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು ರೇಡಿಯಾ ಪರ್ಲ್‌ಮನ್ 1985ರಲ್ಲೇ ರೂಪಿಸಿದರು. ಸಣ್ಣ ಕಚೇರಿಗಳಿಗೆ ಮಾರುವ ಅಗ್ಗದ ಸ್ವಿಚ್ಚುಗಳಲ್ಲಿ ಅದು ಇಂದಿಗೂ ಇರುವುದಿಲ್ಲ. ಒಂದೊಂದೇ ಕೇಬಲ್ ತೆಗೆಯುತ್ತ ಹೋಗುವುದೇ ಮದ್ದು. ಇನ್ನು ಕೆಲವೇ ಕಂಪ್ಯೂಟರುಗಳಿಗೆ ಮಾತ್ರ ನೆಟ್ ಇಲ್ಲದಿದ್ದರೆ ಅವುಗಳ ಐಪಿ ವಿಳಾಸ ನೋಡಬೇಕು. 169.254 ಎಂದು ಶುರುವಾಗಿದ್ದರೆ ರೂಟರಿನಿಂದ ವಿಳಾಸ ಬಂದಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ. ಕಚೇರಿಯ ಸರಣಿ ಬಿಟ್ಟು ಬೇರೆಯೇ ವಿಳಾಸವಿದ್ದರೆ, ಯಾರೋ ಮನೆಯಿಂದ ತಂದ ವೈಫೈ ರೂಟರನ್ನು ಅದರ ಲ್ಯಾನ್ ಪೋರ್ಟಿನ ಮೂಲಕ ನೆಟ್‌ವರ್ಕಿಗೆ ಸೇರಿಸಿದ್ದಾರೆ, ಅದೂ ವಿಳಾಸ ಹಂಚಲು ಕೂತಿದೆ.

ಕೇಬಲ್ ಮೇಲೆಯೇ ಅನುಮಾನವಿದ್ದಾಗ ನಾನು ಮೊದಲು ಇಂಟರ್‌ನೆಟ್ಟಿನ ಗೊಡವೆಗೆ ಹೋಗುವುದಿಲ್ಲ. ಆ ಮೇಜಿನಿಂದ ರೂಟರಿಗೆ ಪಿಂಗ್ ಹಾಕಿ ಬಿಡುತ್ತೇನೆ. ಕೇಬಲಿನ ಮೇಲೆ ಉತ್ತರ ಒಂದು ಮಿಲಿಸೆಕೆಂಡಿನೊಳಗೆ ಬರಬೇಕು, ನೂರಕ್ಕೆ ನೂರೂ ಬರಬೇಕು. ವಿಂಡೋಸ್ ತಾನಾಗಿ ಕಳುಹಿಸುವ ಪಿಂಗ್ 32 ಬೈಟಿನಷ್ಟು ಚಿಕ್ಕದು, ಅರ್ಧ ಕೆಟ್ಟ ಕೇಬಲಿನಲ್ಲೂ ಅದು ನುಸುಳಿ ಹೋಗುತ್ತದೆ. ಅಳತೆಯನ್ನು 1400 ಬೈಟಿಗೆ ಏರಿಸಿದರೆ ದೋಷ ತಾಗುವ ಸಂಭವ ಹೆಚ್ಚಿ ನಿಜಸ್ಥಿತಿ ಹೊರಬೀಳುತ್ತದೆ. ಪಿಂಗ್ ಓಡುತ್ತಿರುವಾಗಲೇ ಕನೆಕ್ಟರುಗಳನ್ನು ಮೆಲ್ಲಗೆ ಅಲುಗಿಸಿ ನೋಡಬೇಕು. ಆಮೇಲೆ ಪ್ಯಾಚ್ ಕಾರ್ಡ್, ಸ್ವಿಚ್ಚಿನ ಪೋರ್ಟ್, ಕಂಪ್ಯೂಟರ್ ಎಂಬ ಕ್ರಮದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ತೊಂದರೆ ಹೋಗಬಹುದು, ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ; ಕೆಟ್ಟ ಪ್ಯಾಚ್ ಕಾರ್ಡ್ ಕಪಾಟಿಗೆ ಹೋಗಿ ಮುಂದಿನ ತಿಂಗಳು ಇನ್ನೊಂದು ಮೇಜಿಗೆ ಬರುತ್ತದೆ. ಕೆಟ್ಟದ್ದೆಂದು ಖಚಿತವಾದ ಪ್ಯಾಚ್ ಕಾರ್ಡಿನ ಕನೆಕ್ಟರನ್ನು ನಾನು ಅಲ್ಲೇ ಕತ್ತರಿಸಿ ಹಾಕುತ್ತೇನೆ.

ಹೊಸದಾಗಿ ಕೇಬಲ್ ಹಾಕಿಸುವವರು ಕೊಟೇಶನ್ನಿನಲ್ಲಿ ಬರಿ "ಕ್ಯಾಟ್ 6 ಕೇಬಲ್" ಎಂದು ಬರೆಸಿಕೊಳ್ಳದೆ, ಶುದ್ಧ ತಾಮ್ರ, 23 ಗೇಜ್, ಕಂಪನಿಯ ಹೆಸರು ಎಲ್ಲವನ್ನೂ ಬರೆಸಿಕೊಳ್ಳಬೇಕು, ಪೆಟ್ಟಿಗೆ ಬಂದಾಗ ಒಂದು ತಂತಿಯನ್ನು ಕೆರೆದು ನೋಡಬೇಕು. ಪ್ರತಿ ಕೇಬಲಿನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಇರಬೇಕು; ಚೀಟಿಯಿಲ್ಲದ ರ‍್ಯಾಕಿನಲ್ಲಿ ಸರಿಯಾದ ಕೇಬಲ್ ಹುಡುಕುವುದಕ್ಕೆ ಹಿಡಿಯುವ ಹೊತ್ತು ದುರಸ್ತಿಗೆ ಹಿಡಿಯುವುದಕ್ಕಿಂತ ಹೆಚ್ಚು. ದೂರದ ಮೇಜುಗಳಿಗೆ ಒಂದು ಕೇಬಲ್ ಬೇಕಾದ ಕಡೆ ಎರಡು ಎಳೆಸುವುದು ಒಳ್ಳೆಯದು, ಕೂಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಪೈಪಿನೊಳಗೆ ಒಂದು ನೈಲಾನ್ ದಾರವನ್ನೂ ಬಿಡಿಸಿ, ಅದರ ತುದಿಯನ್ನು ಐಒ ಬಾಕ್ಸಿನೊಳಗೆ ಗಂಟು ಹಾಕಿಸಿಡಿ. ಆ ಕೇಬಲನ್ನು ಇಲಿ ಕಡಿದ ದಿನ ಹೊಸದನ್ನು ಎಳೆಯಲು ಗೋಡೆ ಒಡೆಯಬೇಕಾಗಿ ಬರುವುದಿಲ್ಲ.